ನೀಲಾಂಬಿಕಾಳ ಮನೆದನಿ

ಹಾಡು ಕದಿಯುವವರನ್ನು ಹಿಡಿಯಲೆಂದು ಮಾಡಿದ ಕಾಯ್ದೆ ಕೊನೆಗೆ ಹಿಡಿದದ್ದು ಹುಬ್ಬಳ್ಳಿಯ ನೀಲಾಂಬಿಕಾಳ ಗಂಟಲನ್ನು. ಆಕೆ ಹಾಡು ಕದಿಯುವುದಿರಲಿ, ನೆಟ್ಟಗೆ ಒಂದು ಮಂಗಳಾರತಿ ಪದ ಹೇಳಿದವಳೂ ಅಲ್ಲ. ಆದರೂ ಸಿಕ್ಕಿಬಿದ್ದಳು. ಹೇಗೆಂದು ಹೇಳುತ್ತೇನೆ, ಕೇಳಿ.

ಆ ಕಾಲದಲ್ಲಿ ಡಿಜಿಟಲ್ ಧ್ವನಿಗಳಿಗೆಲ್ಲ ಒಂದು ಕಟ್ಟುಪಾಡಿತ್ತು. ಅಸಲಿನಿಂದ ನಕಲು ತೆಗೆಯಬಹುದು, ನಕಲಿನಿಂದ ಮತ್ತೊಂದು ನಕಲು ತೆಗೆಯುವಂತಿಲ್ಲ. ತೆಗೆಯಲು ಹೋದರೆ ಯಂತ್ರವೇ ಬಾಯಿ ಮುಚ್ಚಿಕೊಳ್ಳುತ್ತಿತ್ತು. ನಮ್ಮ ಜನ ಬಿಟ್ಟಾರೆಯೇ? ಹಾಡನ್ನು ಕೋಣೆಯಲ್ಲಿ ಜೋರಾಗಿ ಹಚ್ಚಿ, ಮುಂದೆ ಮೈಕು ಇಟ್ಟು, ಹೊಸದಾಗಿ ರೆಕಾರ್ಡು ಮಾಡಿಕೊಳ್ಳತೊಡಗಿದರು. ಆಗ ಕಂಪನಿಗಳು ಸರ್ಕಾರದ ಬೆನ್ನು ಹತ್ತಿ ಕಾಯ್ದೆ ತರಿಸಿ, ಪ್ರತಿಯೊಂದು ಮೈಕಿನೊಳಗೂ ಸಾಸಿವೆಯಷ್ಟು ಚಿಕ್ಕ ಚಿಪ್ ಒಂದನ್ನು ಕೂರಿಸಿದವು. ಜನ ಅದಕ್ಕೆ ಪಹರೆ ಎಂದು ಹೆಸರಿಟ್ಟರು. ಕಂಪನಿಗಳು ನೋಂದಾಯಿಸಿದ ಯಾವುದೇ ಧ್ವನಿ ಕಿವಿಗೆ ಬಿದ್ದರೆ ಪಹರೆಯ ಹಸಿರು ದೀಪ ಕೆಂಪಾಗುತ್ತಿತ್ತು. ಅದೊಂದು ಧ್ವನಿಯನ್ನು ಮಾತ್ರ ಎತ್ತಿ ಆಚೆ ಹಾಕಿ, ಉಳಿದ ಸದ್ದನ್ನೆಲ್ಲ ಇದ್ದ ಹಾಗೇ ಬಿಡುತ್ತಿತ್ತು. ಕಳ್ಳರು ಶಬ್ದ ಬದಲಿಸಿ, ಶ್ರುತಿ ಏರಿಳಿಸಿ ಮೋಸ ಮಾಡಲು ನೋಡಿದ್ದರಿಂದ, ಪಹರೆಗೆ ಧ್ವನಿಯ ನಡೆಯನ್ನೇ ಗುರುತಿಸಲು ಕಲಿಸಿದ್ದರು. ಎಲ್ಲಿ ಏರುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿ ಉಸಿರೆಳೆದುಕೊಳ್ಳುತ್ತದೆ. ಬೀದಿಯ ಆ ತುದಿಯಲ್ಲಿ ಬರುವವರನ್ನು ನಾವು ನಡಿಗೆಯಿಂದಲೇ ಗುರುತಿಸುವುದಿಲ್ಲವೇ, ಹಾಗೆ.

ನೀಲಾಂಬಿಕಾ ಬಸ್ ನಿಲ್ದಾಣದಲ್ಲಿ ಘೋಷಣೆ ಮಾಡುವವಳು. "ಪ್ರಯಾಣಿಕರ ಗಮನಕ್ಕೆ" ಎಂದು ಆಕೆ ಶುರು ಮಾಡಿದರೆ ನಿದ್ದೆ ಮಾಡುತ್ತಿದ್ದವನೂ ಎದ್ದು ಚೀಲ ಹುಡುಕಬೇಕು, ಅಂಥ ತೂಕದ ದನಿ. ಘೋಷಣೆಯ ಗುತ್ತಿಗೆ ಹಿಡಿದ ಕಂಪನಿಯೊಂದು ಆಕೆಯಿಂದ ಊರುಗಳ ಹೆಸರನ್ನೆಲ್ಲ ಓದಿಸಿ, ರೆಕಾರ್ಡು ಮಾಡಿ, ನೋಂದಾಯಿಸಿಬಿಟ್ಟಿತು. ಅಂದಿನಿಂದ ಬೀದರದವರೆಗಿನ ನಿಲ್ದಾಣಗಳಲ್ಲೆಲ್ಲ ಆಕೆಯ ದನಿಯೇ. ಆಕೆಗೆ ಮಾತ್ರ ಕೆಲಸವಿಲ್ಲ. ಮೈಕುಗಳ ಪಾಲಿಗಂತೂ ಆಕೆಯೇ ಧ್ವನಿವರ್ಧಕದ ನಕಲಾದಳು. ಮೊಮ್ಮಗಳು ಮುಕ್ತಾಳ ಹೆಸರಿಡುವ ಕಾರ್ಯಕ್ರಮದ ವಿಡಿಯೋದಲ್ಲಿ ತೊಟ್ಟಿಲಿನ ಗಿರಕಿ ಕೇಳುತ್ತದೆ, ಹೆಂಗಸರ ನಗೆ ಕೇಳುತ್ತದೆ, ಕ್ಯಾಮೆರಾ ಕಂಡು ನೆಟ್ಟಗಾಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಅಜ್ಜಿಯ ತುಟಿ ಬರಿದೇ ಅಲುಗಾಡುತ್ತದೆ.

ಆಕೆಯ ಗಂಡ ಕಲ್ಮೇಶಪ್ಪನದು ನಿಲ್ದಾಣದ ಎದುರಿಗೆ ರೊಟ್ಟಿ ಖಾನಾವಳಿ. ಅವನು ಇದನ್ನೆಲ್ಲ ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಂಡವನಲ್ಲ. ಹೆಂಡತಿ ಎದುರಿಗೇ ಇರುವಾಗ ಅವಳ ರೆಕಾರ್ಡು ಯಾಕೆ ಬೇಕು? ಹಾಗೆಂದು ತಿಳಿದಿದ್ದ, ದೊಡ್ಡಾಸ್ಪತ್ರೆಯ ಡಾಕ್ಟರು ಅವಳ ಗಂಟಲಿನ ಚಿತ್ರ ತೋರಿಸುವವರೆಗೆ. ಗಡ್ಡೆ ಧ್ವನಿಪೆಟ್ಟಿಗೆಯ ತಳದಲ್ಲಿತ್ತು. ದನಿ ಇನ್ನೂ ಕೆಟ್ಟಿರಲಿಲ್ಲ. ಆದರೆ ಮುಂದಿನ ಸೋಮವಾರ ಪೆಟ್ಟಿಗೆಯನ್ನೇ ತೆಗೆಯಬೇಕು, ತೆಗೆದರೆ ಜೀವಕ್ಕೆ ಭಯವಿಲ್ಲ ಎಂದರು ಡಾಕ್ಟರು. ಕಲ್ಮೇಶಪ್ಪ ಜೀವದ ಮಾತು ಕೇಳಿ ಕೈಮುಗಿದ. ಮನೆಗೆ ಬಂದು ಕೈಕಾಲು ತೊಳೆಯುವಾಗ ಉಳಿದದ್ದು ತಲೆಗೆ ಹೋಯಿತು. ಬಚ್ಚಲಲ್ಲೇ ಕುಳಿತುಬಿಟ್ಟ.

ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ ಧ್ವನಿ ಪ್ರಯೋಗಾಲಯವಿತ್ತು. ಸವಣೂರಿನ ಹುಡುಗಿ ಫರ್ಜಾನಾ ಅಲ್ಲಿಯ ಎಂಜಿನಿಯರ್. ಅವಳು ಕೊರಳಿಗೆ ಕಟ್ಟುವ ಒಂದು ಪಟ್ಟಿ ತೋರಿಸಿದಳು. ನಾಲಿಗೆ, ದವಡೆ, ಕೊರಳಿನ ನರಗಳು ಆಡುವುದನ್ನು ಆ ಪಟ್ಟಿ ಓದಿಕೊಳ್ಳುತ್ತದೆ. ಮಾತಾಡುವ ಮನುಷ್ಯರ ಸ್ವಂತ ದನಿಯ ಮಾದರಿ ಅದರಲ್ಲಿದ್ದರೆ, ಸದ್ದಿಲ್ಲದೆ ಆಡಿದ ಮಾತನ್ನು ಅದೇ ದನಿಯಲ್ಲಿ ಹೊರಡಿಸುತ್ತದೆ.

"ಒಂದ ನಾಕು ತಾಸು ಮಾತಾಡಿದ್ದು ಸಿಕ್ರ ಸಾಕ್ರಿ ಕಾಕಾರ," ಅಂದಳು ಫರ್ಜಾನಾ. "ಅದರಾಗಿಂದ ಅಮ್ಮಾರ ದನಿ ಕಟ್ಟಿಕೊಡ್ತೀನಿ."

ನೀಲಾಂಬಿಕಾ ಮೈಕಿನ ಮುಂದೆ ಕುಳಿತು, ಸೆರಗು ಸರಿಮಾಡಿಕೊಂಡು, ಗಂಟಲು ಸರಿಪಡಿಸಿಕೊಂಡು ಓದತೊಡಗಿದಳು. ಒಂದು ಸಾಲು ಮುಗಿಯುವುದರೊಳಗೆ ಕೆಂಪು ದೀಪ. ಇನ್ನೊಂದು ಪುಟ, ಮತ್ತೆ ಕೆಂಪು. ಫರ್ಜಾನಾ ಮೈಕು ಬದಲಿಸಿದಳು, ಕೋಣೆ ಬದಲಿಸಿದಳು. ಪಹರೆ ಜಪ್ಪಯ್ಯ ಅಂದರೂ ಜಗ್ಗಲಿಲ್ಲ.

ಕಲ್ಮೇಶಪ್ಪ ಕಂಪನಿಗೆ ಫೋನು ಹಚ್ಚಿದ. ಆ ಕಡೆಯವನು ಬಹಳ ಮರ್ಯಾದೆಯಿಂದ ಮಾತಾಡಿದ. ನೋಂದಣಿಯಾದ ಧ್ವನಿಯನ್ನು ಬಿಡಿಸಿಕೊಡಲು ಬರುವುದಿಲ್ಲ, ನಿಯಮದಂತೆ ಅಸಲನ್ನು ಭದ್ರತೆಗಾಗಿ ಅಳಿಸಿ ಹಾಕಲಾಗಿದೆ, ನಿಲ್ದಾಣಗಳಲ್ಲಿರುವುದು ನಕಲು, ನಕಲಿನ ನಕಲು ತೆಗೆಯುವುದು ಸ್ವತಃ ಕಂಪನಿಗೂ ಸಾಧ್ಯವಿಲ್ಲ ಅಂದ.

"ಅಸಲು ಅಳಿಸೇತಿ ಅಂತೀರಲ್ಲ," ಅಂದ ಕಲ್ಮೇಶಪ್ಪ. "ಅಸಲು ಇಲ್ಲೇ ನಮ್ಮ ಮನ್ಯಾಗ ರೊಟ್ಟಿ ಬಡ್ಯಾಕತ್ತೈತ್ರಿ."

ಆ ಕಡೆಯವನು ಆ ಬಗ್ಗೆ ತನ್ನ ಹತ್ತಿರ ಮಾಹಿತಿ ಇಲ್ಲ ಎಂದ.

ಆಗ ಕಲ್ಮೇಶಪ್ಪನಿಗೆ ಅಟ್ಟದ ಮೇಲಿನ ಹಳೆಯ ಟೇಪ್‌ರೆಕಾರ್ಡರ್ ನೆನಪಾಯಿತು. ಪಹರೆ ಹುಟ್ಟುವ ಮೊದಲಿನದು, ಅದಕ್ಕೆ ಯಾವ ಕಾಯ್ದೆಯ ಹಂಗೂ ಇಲ್ಲ. ದೂಳು ಒರೆಸಿ, ಹೆಂಡತಿಯನ್ನು ಕೂರಿಸಿ ಓದಿಸಿದ. ಟೇಪು ಎಲ್ಲವನ್ನೂ ತುಂಬಿಕೊಂಡಿತು. ಗೆದ್ದೆ ಎಂದುಕೊಂಡು ಅದನ್ನು ಹೊತ್ತು ಪ್ರಯೋಗಾಲಯಕ್ಕೆ ಓಡಿದ, ಹಿಂದೆ ನೀಲಾಂಬಿಕಾ. ಫರ್ಜಾನಾ ತನ್ನ ಯಂತ್ರಕ್ಕೆ ತಂತಿ ಜೋಡಿಸಿ ಟೇಪು ತಿರುಗಿಸಿದಳು. ಟೇಪಿಗೆ ಪಹರೆ ಇರಲಿಲ್ಲ, ನಿಜ. ಅದನ್ನು ಕೇಳಿಸಿಕೊಳ್ಳಬೇಕಾದ ಯಂತ್ರಕ್ಕೆ ಇತ್ತಲ್ಲ. ಕೆಂಪು ದೀಪ.

ಸಿಟ್ಟಿಗೆ ಕಲ್ಮೇಶಪ್ಪನ ಕೈ ಮೇಜಿಗೆ ಬಡಿಯಿತು. ಮೇಜಿನ ಮೇಲಿದ್ದ ಚಹಾದ ಲೋಟ ಮಗುಚಿ ಟೇಪು, ತಂತಿ, ಅವನ ಬಿಳಿ ಧೋತರ, ಎಲ್ಲ ಚಹಾಮಯವಾಯಿತು.

"ಏನ್ರಿ ಇದು, ನಿಮಗ ಕೈಯಾಗ ಏನ ಹೊಕ್ಕೈತಿ?" ಅಂದಳು ನೀಲಾಂಬಿಕಾ. "ಬೆಳಿಗ್ಗೆ ಒಗದ ಧೋತ್ರ. ಯಾರಪ್ಪನ ಮನಿ ಅಗಸ ಕುಂತಾನ ನಿಮಗ? ಸರೀರಿ ಅತ್ಲಾಗ, ಆ ಹುಡುಗಿ ಸಾಮಾನಷ್ಟೂ ಕೆಡಿಸಿದ್ರಿ."

ಫರ್ಜಾನಾ ಚಹಾ ಒರೆಸುವುದನ್ನು ಬಿಟ್ಟು ದೀಪವನ್ನೇ ನೋಡುತ್ತಿದ್ದಳು. ಮೇಜಿನ ಮೇಲಿನ ಮೈಕು ಇನ್ನೂ ಚಾಲೂ ಇತ್ತು. ದೀಪ ಹಸಿರು.

"ಅಮ್ಮಾರ, ಇನ್ನೊಮ್ಮೆ ಬೈರಿ," ಅಂದಳು.

ನೀಲಾಂಬಿಕಾ ಮೈಕಿನತ್ತ ತಿರುಗಿದಳು, ಸೆರಗು ಸರಿಮಾಡಿಕೊಂಡಳು. "ನಿಮಗೆ ಕೈಯಲ್ಲಿ ಏನು ಹೊಕ್ಕಿದೆ?" ಅಂದಳು, ಗದಗ ಬಸ್ಸು ಹೊರಡಿಸುವ ಗತ್ತಿನಲ್ಲಿ. ದೀಪ ಮತ್ತೆ ಕೆಂಪಾಯಿತು.

ಮೂವರಿಗೂ ಅರ್ಥವಾಗಿಹೋಯಿತು. ಕಂಪನಿ ಒಯ್ದದ್ದು ನಿಲ್ದಾಣದ ದನಿಯ ನಡೆಯನ್ನು. ಮನೆಯ ದನಿಯ ನಡೆಯೇ ಬೇರೆ. ಅದನ್ನು ಯಾರೂ ನೋಂದಾಯಿಸಿರಲಿಲ್ಲ, ಗಂಡನಿಗೆ ಬೈಯುವುದನ್ನು ರೆಕಾರ್ಡು ಮಾಡಿಟ್ಟುಕೊಳ್ಳುವವರು ಯಾರು? ಆದರೆ ಮೈಕು ಕಂಡರೆ ಸಾಕು, ಆಕೆಯ ಬೆನ್ನು ತಾನಾಗಿ ನೆಟ್ಟಗಾಗಿ ನಿಲ್ದಾಣದ ದನಿ ಬಂದುಬಿಡುತ್ತಿತ್ತು.

ಈ ಚಟ ಇಂದಿನದಲ್ಲ. ಮದುವೆಯ ದಿನ ಹೆಂಗಸರೆಲ್ಲ ಸುತ್ತುಗಟ್ಟಿ, ಒಡಪು ಕಟ್ಟಿ ಗಂಡನ ಹೆಸರು ಹೇಳು ಎಂದು ಹಟ ಹಿಡಿದಿದ್ದರು. ಬರಿಯ ಹೆಸರು ಹೇಳುವುದು ಹೆಂಡತಿಗೆ ಸಲ್ಲದು, ನಾಲ್ಕು ಸಾಲಿನ ಒಡಪಿನಲ್ಲಿ ಇಟ್ಟು ಹೇಳಬೇಕು. ನೀಲಾಂಬಿಕಾ ಚಂದದ ಒಡಪು ಕಟ್ಟಿಕೊಂಡೇ ಬಂದಿದ್ದಳು. ಬ್ಯಾಂಡಿನವರು ಎಲ್ಲರಿಗೂ ಕೇಳಲಿ ಎಂದು ಕೈಗೆ ಮೈಕು ಕೊಟ್ಟರು. ಮದುಮಗಳು ಗಂಟಲು ಸರಿಪಡಿಸಿಕೊಂಡು, "ಪ್ರಯಾಣಿಕರ ಗಮನಕ್ಕೆ, ಕಲ್ಮೇಶಪ್ಪ ಇವರು" ಎಂದುಬಿಟ್ಟಳು. ಹಂದರಕ್ಕೆ ಹಂದರವೇ ಬಿದ್ದು ಬಿದ್ದು ನಕ್ಕಿತು. ಮುಂದೆ ಎಷ್ಟೋ ವರ್ಷ ಬೀಗರ ಮನೆಯಲ್ಲಿ ಅವನನ್ನು ಬಸ್‌ಸ್ಟ್ಯಾಂಡ್ ಅಳಿಯ ಎಂದೇ ಕರೆದರು. ಆ ನಾಚಿಕೆಗೆ ನೀಲಾಂಬಿಕಾ ಅಂದಿನಿಂದ ಒಡಪಿನಲ್ಲೂ ಅವನ ಹೆಸರು ಎತ್ತಿದವಳಲ್ಲ. ಮೊಮ್ಮಗಳು ಮುಕ್ತಾ ಬೆಳಗಾವಿಯಿಂದ ಬಂದಾಗಲೆಲ್ಲ, "ಅಜ್ಜಿ, ಅಜ್ಜನ ಹೆಸರೇನ?" ಎಂದು ಕಾಡುತ್ತಿದ್ದಳು. "ನಿಮ್ಮವ್ವನ್ನ ಕೇಳು" ಎಂದು ಜಾರಿಕೊಳ್ಳುತ್ತಿದ್ದಳು ಅಜ್ಜಿ. ಆ ಹೆಸರನ್ನು ಒಂದು ಸಲ ಅವಳ ಬಾಯಲ್ಲಿ ಕೇಳಬೇಕೆಂಬ ಆಸೆ ಕಲ್ಮೇಶಪ್ಪನಿಗೆ ಇತ್ತು. ಬಹಳ ಇತ್ತು. ಯಾರ ಮುಂದೆಯೂ ಹೇಳಿಕೊಂಡಿರಲಿಲ್ಲ.

ಫರ್ಜಾನಾ ಗುಂಡಿಯಷ್ಟು ಗಾತ್ರದ ಮೈಕುಗಳನ್ನು ಮನೆಗೆ ತಂದಳು. "ಎಲ್ಲೆರ ಇಡ್ರಿ, ನನಗ ಮಾತ್ರ ಹೇಳಬ್ಯಾಡ್ರಿ," ಅಂದಳು ನೀಲಾಂಬಿಕಾ. ಆದರೂ ಮೊದಲ ದಿನ ಆಕೆಗೆ ಎಲ್ಲದರ ಮೇಲೂ ಸಂಶಯ. ಜೋಳದ ಹಿಟ್ಟಿನ ಡಬ್ಬಿಯ ಮುಂದೆ ನಿಂತು, "ಹಿಟ್ಟು ಮುಗಿಯುತ್ತಾ ಬಂದಿದೆ, ದಯವಿಟ್ಟು ತರಿಸಬೇಕು" ಎಂದು ಘೋಷಿಸಿದಳು. ಮೈಕು ಇದ್ದದ್ದು ದನದ ಗಂಟೆ ಕಟ್ಟಿದ ಹಿತ್ತಲಬಾಗಿಲಿನಲ್ಲಿ. ಅಲ್ಲಿಯೂ ದೀಪ ಕೆಂಪಾಗಿಯೇ ಇತ್ತು.

ಇನ್ನು ತಾನೇ ಮೈಮೇಲೆ ಹಾಕಿಕೊಳ್ಳಬೇಕು ಎಂದು ಕಲ್ಮೇಶಪ್ಪ ನಿಶ್ಚಯಿಸಿದ. ಖಾನಾವಳಿಗೆ ಬೀಗ ಹಾಕಿ ಮನೆಯಲ್ಲಿ ನಿಂತ. ಕೆಸರುಗಾಲಲ್ಲಿ ಒಳಗೆ ಬಂದ. ಬನಿಯನ್ನು ತಿರುವುಮುರುವು ತೊಟ್ಟು ಓಣಿಯೆಲ್ಲ ತಿರುಗಿದ. ಶೇಂಗಾ ಚಟ್ನಿಗೆ ಉಪ್ಪೆಂದು ಸಕ್ಕರೆ ಸುರಿದ. ಅವಳ ತವರಿನ ಸ್ಟೀಲ್ ಡಬ್ಬಿಯನ್ನು ಪಕ್ಕದ ಮನೆಯವರಿಗೆ ದಾನ ಮಾಡಿ ಬಂದ. ಡಬ್ಬಿಯ ಸುದ್ದಿ ತಿಳಿದಾಗ ನೀಲಾಂಬಿಕಾ ಮೈಕನ್ನೂ ಮರೆತಳು, ಗಡ್ಡೆಯನ್ನೂ ಮರೆತಳು. ಎರಡು ದಿನ ಮನೆಯಲ್ಲಿ ಒಂದೇ ಸಮನೆ ಬೈಗುಳದ ಸುರಿಮಳೆ, ಹಸಿರು ದೀಪ ಆರಲೇ ಇಲ್ಲ.

ಎರಡನೆಯ ದಿನ ಸಂಜೆ, ಉಳಿದದ್ದನ್ನೂ ಬೈದು ಮುಗಿಸಲೆಂದು ಆಕೆ ಹಿತ್ತಲಿಗೆ ಬಂದಳು. ಕಲ್ಮೇಶಪ್ಪ ಒಗೆಯುವ ಕಲ್ಲಿನ ಮೇಲೆ ಕುಳಿತು ಅಳುತ್ತಿದ್ದ.

"ಅಯ್ಯ, ಡಬ್ಬಿ ಹೋದ್ರ ಹೋಗ್ಲಿ ಬಿಡ್ರಿ," ಅಂದಳು. "ಅದಕ್ಯಾಕ ಅಳತೀರಿ?"

"ಡಬ್ಬಿಗೆ ಯಾರ ಅಳತಾರ," ಅಂದ ಅವನು. "ಬೈಸ್ಕೊಳ್ಳೂದು ಮುಗೀತಲ್ಲ ನೀಲಾ. ಸೋಮವಾರದಿಂದ ನಾ ಏನ ಮಾಡಿದ್ರೂ ನೀ ಸುಮ್ನ ನೋಡಾಕಿ."

ನೀಲಾಂಬಿಕಾಳಿಗೆ ಆಗ ಎಲ್ಲ ತಿಳಿಯಿತು. ಕೆಸರು, ಬನಿಯನ್ನು, ಸಕ್ಕರೆ, ಡಬ್ಬಿ. ಅವನ ಪಕ್ಕ ಕುಳಿತು, ಸೆರಗಿನಿಂದ ಅವನ ಮುಖ ಒರೆಸಿದಳು.

ಮರುದಿನ ಬೆಳಿಗ್ಗೆ ಫರ್ಜಾನಾ ಮನೆಗೇ ಯಂತ್ರ ತಂದು, ಅಷ್ಟರಲ್ಲಿ ಕಟ್ಟಿದ ದನಿಯನ್ನು ಕೇಳಿಸಿದಳು. "ನನಗ ಒಂದ ಲೋಟ ನೀರ ಕೊಡ್ರಿ" ಎಂದು ಬರೆದು ಗುಂಡಿ ಒತ್ತಿದಳು. ಯಂತ್ರ ಅದನ್ನು ಎಂಥ ಜೋರಿನಲ್ಲಿ ಹೇಳಿತೆಂದರೆ, ಕಲ್ಮೇಶಪ್ಪ ಬೆಚ್ಚಿ ನೀರು ತರಲು ಎದ್ದೇಬಿಟ್ಟ. ನೀಲಾಂಬಿಕಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತ ನಗುತ್ತಲೇ ಯಂತ್ರವನ್ನು ಆಚೆ ಸರಿಸಿದಳು.

"ಇದನ್ನ ಕಟಗೊಂಡು ಮುಕ್ತಾನ್ನ ಮಾತಾಡ್ಸಿದ್ರ ಕೂಸು ಅಂಜತೈತಿ ತಂಗಿ," ಅಂದಳು.

"ಹೌದ್ರಿ ಅಮ್ಮಾರ. ಯಂತ್ರಕ್ಕ ನಿಮ್ಮ ಸಿಟ್ಟೊಂದೇ ಗೊತ್ತು. ಮೆತ್ತಗ ಆಡಿದ್ದು ಒಂದ ನಾಕು ಮಾತು ಬೇಕ್ರಿ. ಅಷ್ಟ ಸಿಕ್ರ ಉಳಿದಿದ್ದನ್ನ ನಾ ಹೊಂದಿಸ್ತೀನಿ."

ಮೆತ್ತಗೆ ಮಾತಾಡಲು ನೀಲಾಂಬಿಕಾ ಬಹಳ ಪ್ರಯತ್ನಪಟ್ಟಳು. ಮೆತ್ತಗೆ ಎಂದ ಕೂಡಲೇ ದಯವಿಟ್ಟು ಬರುತ್ತಿತ್ತು, ದಯವಿಟ್ಟು ಬಂದರೆ ಹಿಂದೆಯೇ ನಿಲ್ದಾಣ ಬರುತ್ತಿತ್ತು. ಜೀವನವಿಡೀ ಆಕೆ ನಯವಾಗಿ ಆಡಿದ ಮಾತೆಲ್ಲ ಪ್ರಯಾಣಿಕರಿಗಾಗಿಯೇ ಆಡಿದ್ದು. ಕೆಂಪು, ಕೆಂಪು, ಕೆಂಪು. ಮಧ್ಯಾಹ್ನ ಆಸ್ಪತ್ರೆಗೆ ಸೇರಬೇಕಿತ್ತು. ಫರ್ಜಾನಾ ತಲೆ ಕೆಳಗೆ ಹಾಕಿ ಕುಳಿತಳು.

ನೀಲಾಂಬಿಕಾ ಎದ್ದು ಅಡುಗೆಮನೆಗೆ ಹೋದಳು. ಆಸ್ಪತ್ರೆಯಲ್ಲಿ ಇವರಿಗೆ ರೊಟ್ಟಿ ಸಿಗುವುದಿಲ್ಲ, ಬುತ್ತಿ ಕಟ್ಟಬೇಕು. ಹಂಚು ಕಾಯಿತು, ರೊಟ್ಟಿ ಬಡಿಯುವ ಸಪ್ಪಳ ಶುರುವಾಯಿತು. ಕಲ್ಮೇಶಪ್ಪ ಬಾಗಿಲಿಗೆ ಬಂದು ನಿಂತ. ಮೈಕು ಅವನ ಅಂಗೈಯಲ್ಲೇ ಇತ್ತು, ಮುಚ್ಚಿಡುವ ಮನಸ್ಸಾಗಲಿಲ್ಲ, ಹಿಟ್ಟಿನ ಪರಾತದ ಪಕ್ಕದಲ್ಲಿ ಅವಳಿಗೆ ಕಾಣುವಂತೆಯೇ ಇಟ್ಟ.

"ನೀಲಾ," ಅಂದ, "ಯಂತ್ರದ ಮಾತ ಬಿಡು. ಆಕೀ ಕೆಲಸ ಆಕಿ ನೋಡ್ಕೋತಾಳ. ನನಗ ಒಂದ ಒಡಪು ಬಾಕಿ ಐತಿ. ಅದನ್ನ ಕೊಟ್ಟ ಹೋಗು."

ರೊಟ್ಟಿಯ ಸಪ್ಪಳ ನಿಂತಿತು. ಮತ್ತೆ ಶುರುವಾಯಿತು, ನಿಧಾನವಾಗಿ. ಆಕೆ ಮೈಕನ್ನು ನೋಡಿದಳು. ಎರಡೂ ಕೈ ಹಿಟ್ಟಾಗಿದ್ದವು. ಸೆರಗು ಸರಿಮಾಡಿಕೊಳ್ಳಲಿಲ್ಲ, ಗಂಟಲು ಸರಿಪಡಿಸಿಕೊಳ್ಳಲಿಲ್ಲ. ಬಡಿತದ ಜೊತೆ ಜೊತೆಗೇ, ಹಂಚಿನ ಕಡೆ ಮುಖ ಮಾಡಿ ಹೇಳಿದಳು:

"ಊರೂರ ಹೆಸರ ಕೂಗಿ ಕೂಗಿ ಬಾಯಿ ಒಣಗಿತ್ತ,
ಒಂದ ಹೆಸರ ಮಾತ್ರ ಸೆರಗಿನ ತುದಿಗೆ ಗಂಟಾಗಿತ್ತ,
ನಾಚಿಕಿ ಬಿಟ್ಟು ಬಿಚ್ಚತೇನಿ ಕೇಳ್ರಿ ಇವತ್ತ,
ಕಲ್ಮೇಶಪ್ಪನ ಬಾಗಲಕ ಬಂದು ನನ್ನ ಗಾಡಿ ನಿಂತಿತ್ತ."

ಕಲ್ಮೇಶಪ್ಪ ದೀಪ ನೋಡಲೇ ಇಲ್ಲ. ನೋಡಿದವಳು ಹೊರಗಿನ ಕೋಣೆಯಲ್ಲಿದ್ದ ಫರ್ಜಾನಾ. ಯಂತ್ರದ ಹಸಿರು ದೀಪದ ಮುಂದೆ ಎರಡೂ ಕೈ ಬಾಯಿಗೆ ಒತ್ತಿಕೊಂಡು ಕುಳಿತಿದ್ದಳು. ಒಡಪು ಮುಗಿದ ಮೇಲೂ ನೀಲಾಂಬಿಕಾ ನಿಲ್ಲಿಸಲಿಲ್ಲ. ಮದುವೆಯ ದಿನ ಎಷ್ಟು ಹೆದರಿದ್ದೆ ಎಂದು ಹೇಳಿದಳು, ತಾನಿಲ್ಲದ ಹೊತ್ತಿನಲ್ಲಿ ಗುಳಿಗೆ ಮರೆಯಬಾರದು ಎಂದಳು, ಆಪರೇಷನ್ನಿಗೆ ಅಂಜಿಕೆಯಾಗುತ್ತದೆ ಎಂದಳು. ಬುತ್ತಿಯ ರೊಟ್ಟಿ ಮುಗಿಯುವವರೆಗೂ ಆ ದನಿಯಲ್ಲೇ ಮಾತಾಡಿದಳು. ಅಷ್ಟು ರೊಟ್ಟಿ ಯಾರಿಗೂ ಬೇಕಿರಲಿಲ್ಲ.

ಆಪರೇಷನ್ ಸರಿಹೋಯಿತು. ಗಾಯ ಮಾಯುವವರೆಗೆ ಮನೆಯಲ್ಲಿ ಸದ್ದಿಲ್ಲ. ಕಲ್ಮೇಶಪ್ಪನೊಬ್ಬನೇ ಇಬ್ಬರ ಪಾಲಿನದೂ ಮಾತಾಡುತ್ತಿದ್ದ. ತಪ್ಪು ಮಾಡಿದಾಗ ತನಗೆ ತಾನೇ ಬೈದುಕೊಂಡು, ಸರಿಯಾಯಿತೇ ಎಂಬಂತೆ ಅವಳ ಮುಖ ನೋಡುತ್ತಿದ್ದ. ಅವಳು ಸಾಲದು ಎಂದು ಕೈ ಆಡಿಸುತ್ತಿದ್ದಳು.

ಪಟ್ಟಿ ಕಟ್ಟುವ ದಿನ ಬಂತು. ಫರ್ಜಾನಾ ಅದನ್ನು ಕೊರಳಿಗೆ ಹೊಂದಿಸಿ, ಚಾಲೂ ಮಾಡುವ ಮೊದಲು ಕೇಳಿದಳು: "ಅಮ್ಮಾರ, ಈ ದನೀನ ನಿಮ್ಮ ಹೆಸರಲೇ ನೋಂದಣಿ ಮಾಡಸ್ಲೇನ್ರಿ? ಮಾಡಿಸಿದ್ರ ಪಹರೆ ಕಾಯತೈತಿ, ಯಾರೂ ನಕಲ ಮಾಡಂಗಿಲ್ಲ."

ನೀಲಾಂಬಿಕಾಳ ತುಟಿ ಅಲುಗಿತು. ಪಟ್ಟಿ ಒಂದು ಕ್ಷಣ ತಡೆದು ಮಾತಾಡಿತು. ಮೊದಲ ಶಬ್ದ ಒಡೆದಿತ್ತು, ಮುಂದಿನದು ಸರಿ ಬಂತು. "ಬ್ಯಾಡ ತಂಗಿ. ಯಾರೆರ ಕದ್ರ ಕದೀಲಿ. ಬೈಸ್ಕೊಳ್ಳೂ ಹಣೆಬರಾ ಇದ್ದವರು ಒಯ್ತಾರ." ಆಮೇಲೆ ಗಂಡನ ಕಡೆ ತಿರುಗಿದಳು. "ನೀವ್ಯಾಕ ಅಲ್ಲೇ ನಿಂತೀರಿ? ಅಂಗಿ ಗುಂಡಿ ಹಾಕ್ಕೋರಿ ಮೊದಲ."

ಕಲ್ಮೇಶಪ್ಪ ಗುಂಡಿ ಹಾಕಿಕೊಂಡ. ಅವಳ ಮುಖವನ್ನೇ ನೋಡುತ್ತಿದ್ದುದರಿಂದ ಅದು ತಪ್ಪು ಕಾಜಿಗೆ ಹೋಯಿತು. ಅದಕ್ಕೂ ಬೈಸಿಕೊಂಡ.

ಮನೆಗೆ ಹೋಗುವಾಗ ನಿಲ್ದಾಣದೊಳಗಿಂದಲೇ ಹಾಯ್ದು ಹೋಗಬೇಕು. ಗದ್ದಲವೋ ಗದ್ದಲ. ನೀಲಾಂಬಿಕಾ ಕಲ್ಲುಬೆಂಚಿನ ಮೇಲೆ ಕುಳಿತು ಗಂಡನ ಫೋನಿಗೆ ಕೈ ಚಾಚಿದಳು. ಮುಕ್ತಾಳಿಗೆ ರೆಕಾರ್ಡು ಮಾಡಿ ಕಳಿಸಬೇಕಂತೆ, ಈಗಲೇ. ಅವಳು ಮಾತು ಶುರು ಮಾಡುವುದಕ್ಕೂ ಮೇಲಿನಿಂದ ಧ್ವನಿವರ್ಧಕ ಗಂಟಲು ತೆರೆಯುವುದಕ್ಕೂ ಸರಿಹೋಯಿತು. "ಪ್ರಯಾಣಿಕರ ಗಮನಕ್ಕೆ, ಗದಗ ಮಾರ್ಗವಾಗಿ ಕೊಪ್ಪಳಕ್ಕೆ ಹೋಗುವ ಬಸ್ಸು" ಎಂದು ನಿಲ್ದಾಣದ ನೀಲಾಂಬಿಕಾ ಮೇಲೆ, ಕೊರಳಪಟ್ಟಿಯ ನೀಲಾಂಬಿಕಾ ಕೆಳಗೆ. ಎರಡೂ ಒಟ್ಟಿಗೇ ಮಾತಾಡಿದವು. ಫೋನಿನ ಮೂಲೆಯಲ್ಲಿ ಕೆಂಪು ದೀಪ ಹತ್ತಿತು.

ಎಲ್ಲ ಹೋಯಿತು, ಇದನ್ನೂ ಪಹರೆ ನುಂಗಿತು ಎಂದುಕೊಂಡ ಕಲ್ಮೇಶಪ್ಪ. ಫೋನು ಇಸಿದುಕೊಂಡು, ಕಿವಿಗೆ ಹಿಡಿದು ಕೇಳಿದ.

ಬಸ್ಸಿನ ಹಾರ್ನು ಇತ್ತು. ಚಹಾದವನ ಕೂಗು ಇತ್ತು. ಯಾರದೋ ಕೂಸು ಅಳುವುದಿತ್ತು. ಗದಗವಿಲ್ಲ, ಕೊಪ್ಪಳವಿಲ್ಲ, ಪ್ರಯಾಣಿಕರ ಗಮನಕ್ಕೆ ಇಲ್ಲ. ಕಂಪನಿಯ ದನಿಯನ್ನು ಪಹರೆ ಪೂರ್ತಿ ಎತ್ತಿ ಆಚೆ ಹಾಕಿತ್ತು. ಉಳಿದ ಗದ್ದಲದ ನಡುವೆ ರೊಟ್ಟಿ ಬಡಿಯುವ ದನಿಯೊಂದು ಮೆತ್ತಗೆ, ಸ್ಪಷ್ಟವಾಗಿ ಹೇಳುತ್ತಿತ್ತು:

"ಮುಕ್ತಾ, ನಾ ನಿಮ್ಮಜ್ಜಿ. ಅಜ್ಜನ ಹೆಸರೇನ ಅಂತ ಕೇಳಿದ್ಯಲ್ಲ ಯವ್ವಾ, ಕೇಳ ಇಲ್ಲೆ. ಕಲ್ಮೇಶಪ್ಪ."

ಅವನು ಇನ್ನೊಮ್ಮೆ ಕೇಳಿದ. ಮತ್ತೊಮ್ಮೆ ಕೇಳಿದ.

"ಸಾಕ ಕಳಸ್ರಿ," ಅಂದಳು ನೀಲಾಂಬಿಕಾ. "ಕೂಸು ದಾರಿ ಕಾಯ್ತಿರತೈತಿ."

"ತಡಿ," ಅಂದ ಕಲ್ಮೇಶಪ್ಪ, "ನನಗೊಂದು ನಕಲು ತಕ್ಕೋತೀನಿ."